ಹಿಂಬಾಗಿಲಿನಿಂದ ಶುರು ಮಾಡಿ: ಹಳೆಯ ಅಮೆರಿಕನ್ ಸ್ಟೇಶನ್ ವ್ಯಾಗನ್ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಹಳೆಯ ಗಾಡಿ ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಒಹಾಯೋದ ಒಂದು ಹಳ್ಳಿಯಲ್ಲಿ ನಿಂತಿದ್ದ 1974ರ ಶೆವರ್ಲೆ ಕ್ಯಾಪ್ರಿಸ್ ಎಸ್ಟೇಟ್ ಅದು. ಸ್ಟೇಶನ್ ವ್ಯಾಗನ್, ಅಂದರೆ ಚಾವಣಿ ಹಿಂಬಾಗಿಲಿನವರೆಗೂ ಚಾಚಿ, ಹಿಂದೆ ಜನಕ್ಕೂ ಸಾಮಾನಿಗೂ ಜಾಗ ಇರುವ ಉದ್ದನೆಯ ಕಾರು. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಆ ಸದ್ದಿಗೇ ಮನಸ್ಸು ಸೋತಿತು. ಹಿಂದಿನ ಗಾಜು ಕೆಲಸ ಮಾಡುತ್ತಾ ಅಂತ ಕೇಳಿದೆ. "ಫ್ಯೂಸ್ ಹೋಗಿದೆ ಅಷ್ಟೇ" ಅಂದರು ಮಾರುವವರು. ದುಡ್ಡು ಕೊಟ್ಟು ನಾನಿರುವ ಮಿಶಿಗನ್‌ಗೆ ತಂದೆ.

ಹೋಗಿದ್ದು ಫ್ಯೂಸ್ ಅಲ್ಲ. ಗಾಜು ಎತ್ತುವ ಮೋಟರ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಗಾಜು ಜಾರುವ ಹಳಿ ಬಗ್ಗಿತ್ತು. ಆ ಹಳಿ ಹೊಸದು ಎಲ್ಲೂ ಸಿಗಲಿಲ್ಲ. ಕೊನೆಗೆ ಗುಜರಿಗೆ ಬಿದ್ದಿದ್ದ ಇನ್ನೊಂದು ವ್ಯಾಗನ್‌ನಿಂದ ಬಿಚ್ಚಿ ತರುವ ಹೊತ್ತಿಗೆ 14 ತಿಂಗಳು ಕಳೆದಿತ್ತು. ಅದರ ನಡುವೆ ಕಾರ್ಬ್ಯುರೇಟರ್ ಕೂಡ ಕೆಟ್ಟಿತ್ತು. ಅದು ಮಾತ್ರ ಮೂರೇ ದಿನದಲ್ಲಿ ಮನೆ ಬಾಗಿಲಿಗೆ ಬಂತು.

ವ್ಯಾಗನ್ ಕೊಳ್ಳುವವರು ತಿಳಿದಿರಬೇಕಾದ ದೊಡ್ಡ ವಿಷಯ ಇದೇ. ಮುಂದಿನ ಅರ್ಧ ಗಾಡಿ ಆ ಕಾಲದ ಸೆಡಾನ್ ಕಾರಿನದೇ. ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಮುಂದಿನ ಬಾಗಿಲು, ಡ್ಯಾಶ್‌ಬೋರ್ಡ್ ಎಲ್ಲ ಲಕ್ಷಗಟ್ಟಲೆ ತಯಾರಾದವು, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಹಿಂದಿನ ಅರ್ಧ ವ್ಯಾಗನ್‌ನದು ಮಾತ್ರ. ಹಿಂಬಾಗಿಲು, ಪಕ್ಕದ ಉದ್ದನೆಯ ಗಾಜು, ಮೂರನೇ ಸೀಟು, ಮೇಲಿನ ಕ್ಯಾರಿಯರ್, ಮರದಂಥ ಪಟ್ಟಿ, ಇವೆಲ್ಲ ಹೋದರೆ ಹೋದವೇ. ಹಾಗಾಗಿ ವ್ಯಾಗನ್ ಅನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತಾ ಬರಬೇಕು. ಎಂಜಿನ್ ಕೊನೆಗೆ.

ಉಳಿದಿದ್ದು ಯಾಕೆ ಇಷ್ಟು ಕಮ್ಮಿ

ಮಸ್ಟಾಂಗ್, ಕೊರ್ವೆಟ್‌ನಂಥ ಸ್ಪೋರ್ಟ್ಸ್ ಕಾರು ಕೊಂಡವರು ಅವನ್ನು ಒರೆಸಿ, ಬಟ್ಟೆ ಮುಚ್ಚಿ ಇಟ್ಟರು. ವ್ಯಾಗನ್‌ಗೆ ಆ ಭಾಗ್ಯ ಬರಲಿಲ್ಲ. ಅದು ದುಡಿಯುವ ಗಾಡಿ. ಮಕ್ಕಳು, ನಾಯಿ, ಸಿಮೆಂಟ್ ಚೀಲ, ಟೆಂಟು, ಎಲ್ಲವನ್ನೂ ಹೊತ್ತಿತು. ಅಪ್ಪ ಓಡಿಸಿ ಆದಮೇಲೆ ಕಾಲೇಜಿಗೆ ಹೋಗುವ ಮಗನ ಕೈಗೆ ಬಂತು. ಆಮೇಲೆ ಬಣ್ಣ ಬಳಿಯುವವರ ಏಣಿ ಹೊತ್ತಿತು. ಕೊನೆಗೆ ಡೆಮಾಲಿಷನ್ ಡರ್ಬಿ ಅನ್ನುವ ಡಿಕ್ಕಿ ಹೊಡೆಸುವ ಆಟಕ್ಕೆ ಹೋಯಿತು. ಆ ಆಟದವರಿಗೆ ಗಟ್ಟಿಮುಟ್ಟಾದ ವ್ಯಾಗನ್ ಅಂದರೆ ಬಹಳ ಇಷ್ಟ.

ಹೊಸದು ಬರುವುದೂ ನಿಂತಿತು. 1973 ಮತ್ತು 1979ರಲ್ಲಿ ಪೆಟ್ರೋಲ್ ಬಿಕ್ಕಟ್ಟು ಬಂತು. ಕಾರುಗಳು ಇಷ್ಟು ಮೈಲೇಜ್ ಕೊಡಲೇಬೇಕು ಅಂತ 1975ರ ಕಾನೂನು ಕಟ್ಟುಪಾಡು ಹಾಕಿತು. ವ್ಯಾಗನ್ ಕಾರಿನ ಲೆಕ್ಕಕ್ಕೆ ಬಂತು. ಆದರೆ 1984ರ ಮಾಡೆಲ್ ಆಗಿ ಬಂದ ಕ್ರೈಸ್ಲರ್ ಕಂಪನಿಯ ಮಿನಿವ್ಯಾನ್, ಆಮೇಲಿನ ಎಸ್‌ಯುವಿಗಳು ಲಘು ಟ್ರಕ್ ಲೆಕ್ಕದಲ್ಲಿ ಸೇರಿ, ಸಡಿಲವಾದ ನಿಯಮದಲ್ಲಿ ನುಸುಳಿಕೊಂಡವು. ಫೋರ್ಡ್ ಕಂಟ್ರಿ ಸ್ಕ್ವೈರ್ 1991ಕ್ಕೆ ನಿಂತಿತು. ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್, ಶೆವರ್ಲೆ ಕ್ಯಾಪ್ರಿಸ್ ವ್ಯಾಗನ್ 1996ಕ್ಕೆ ನಿಂತವು. ಅಲ್ಲಿಗೆ ದೊಡ್ಡ ವ್ಯಾಗನ್‌ಗಳ ಕಾಲ ಮುಗಿಯಿತು.

ಹೆಜ್ಜೆ 1: ಯಾವ ಕಾಲದ್ದು ಬೇಕು ಅಂತ ನಿರ್ಧರಿಸಿ

ಇಲ್ಲಿ ಅವಸರ ಬೇಡ. ನಿಮ್ಮ ಮನಸ್ಸಿನಲ್ಲಿರುವ ವ್ಯಾಗನ್ ಯಾವುದು ಅನ್ನೋದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಸರೇ ಹೇಳುವಂತೆ, ಇದು ರೈಲ್ವೆ ಸ್ಟೇಶನ್‌ನಿಂದ ಜನರನ್ನೂ ಟ್ರಂಕುಗಳನ್ನೂ ಮನೆಗೆ, ಹೋಟೆಲಿಗೆ ಸಾಗಿಸುತ್ತಿದ್ದ ಗಾಡಿ. ಮೊದಮೊದಲು ಮೈಯೆಲ್ಲ ಮರ. ಫೋರ್ಡ್ 1929ರಲ್ಲಿ ಮಾಡೆಲ್ ಎ ವ್ಯಾಗನ್ ತಂದಿತು. ಅದಕ್ಕೆ ಬೇಕಾದ ಮರ ಮಿಶಿಗನ್‌ನ ಉತ್ತರದ ಕಾಡುಗಳಿಂದ, ಐರನ್ ಮೌಂಟನ್ ಹತ್ತಿರದ ಫೋರ್ಡ್ ಕಾರ್ಖಾನೆಯ ಮೂಲಕ ಬರುತ್ತಿತ್ತು. ಅಲ್ಲಿ ಉಳಿದ ಮರದ ಚೂರುಪಾರನ್ನು ಇದ್ದಿಲು ಮಾಡಿ ಮಾರಿದರು. ಇವತ್ತಿಗೂ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಕಿಂಗ್ಸ್‌ಫರ್ಡ್ ಇದ್ದಿಲಿನ ಮೂಲ ಅದೇ. 1946ರಲ್ಲಿ ವಿಲ್ಲಿಸ್ ಜೀಪ್ ವ್ಯಾಗನ್, 1949ರಲ್ಲಿ ಪ್ಲಿಮತ್ ಸಬರ್ಬನ್ ಪೂರ್ತಿ ಉಕ್ಕಿನ ಮೈ ಹೊತ್ತು ಬಂದವು. ನಿಜವಾದ ಮರ ಹಾಕಿದ ಕೊನೆಯ ದೊಡ್ಡ ವ್ಯಾಗನ್ 1953ರ ಬ್ಯೂಕ್ ರೋಡ್‌ಮಾಸ್ಟರ್. ಮರದ ಮೈಯ ಇಂಥವನ್ನೆಲ್ಲ ಪ್ರೀತಿಯಿಂದ 'ವುಡಿ' ಅಂತಾರೆ. ನೋಡಲು ಇಷ್ಟು ಚೆಂದದ ಗಾಡಿ ಇನ್ನೊಂದಿಲ್ಲ. ಆದರೆ ಮೊದಲ ಸಲ ಕೊಳ್ಳುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಆ ಮರ ಬರೀ ಅಲಂಕಾರಕ್ಕಲ್ಲ, ಗಾಡಿಯ ಮೈಯನ್ನೇ ಅದು ಹಿಡಿದು ನಿಲ್ಲಿಸಿದೆ. ಕೂಡಿಕೆ ಕೊಳೆತರೆ ಮೆಕ್ಯಾನಿಕ್ ಅಲ್ಲ, ಒಳ್ಳೆಯ ಬಡಗಿ ಬೇಕು.

1955ರಿಂದ 57ರವರೆಗೆ ಬಂದ ಶೆವರ್ಲೆ ನೊಮ್ಯಾಡ್ ಎರಡೇ ಬಾಗಿಲಿನದು. ಮೂರು ವರ್ಷಕ್ಕೆ ಸುಮಾರು 22,000 ಮಾತ್ರ ತಯಾರಾದವು. ಬೆಲೆ ಕೈಗೆ ಎಟುಕುವುದು ಕಷ್ಟ.

ನನಗೆ ಬಲು ಇಷ್ಟವಾದದ್ದು 1964ರಿಂದ 1972ರವರೆಗಿನ ಓಲ್ಡ್ಸ್‌ಮೊಬೀಲ್ ವಿಸ್ಟಾ ಕ್ರೂಸರ್. ಅದರ ಚಾವಣಿ ನಡುವಿನಿಂದ ಹಿಂದಕ್ಕೆ ಸ್ವಲ್ಪ ಎತ್ತರವಾಗಿದೆ, ಅಲ್ಲಿ ಗಾಜು ಕೂರಿಸಿದ್ದಾರೆ. ಹಿಂದೆ ಕೂತ ಮಕ್ಕಳು ತಲೆ ಎತ್ತಿದರೆ ಆಕಾಶ. ಕೊಳ್ಳುವಾಗ ಆ ಗಾಜಿನ ಸುತ್ತ ನೀರಿನ ಕಲೆ ಇದೆಯಾ ಅಂತ ಮೊದಲು ನೋಡಿ.

ಫೋರ್ಡ್‌ನವರು 1966ರಲ್ಲಿ ಒಂದು ಜಾಣ ಹಿಂಬಾಗಿಲು ಮಾಡಿದರು. ಹಲಗೆಯ ಹಾಗೆ ಕೆಳಕ್ಕೂ ಬಿಚ್ಚಬಹುದು, ಬಾಗಿಲಿನ ಹಾಗೆ ಪಕ್ಕಕ್ಕೂ ತೆರೆಯಬಹುದು. ಅದು ಎಷ್ಟು ಅನುಕೂಲ ಅಂದರೆ ಬೇರೆ ಕಂಪನಿಗಳೂ ಅದನ್ನೇ ಹಿಡಿದವು. 1971ರಿಂದ 76ರವರೆಗೆ ಜನರಲ್ ಮೋಟರ್ಸ್ ಬೇರೆ ದಾರಿ ಹಿಡಿಯಿತು. ಗಾಜು ಮೇಲಕ್ಕೆ ಸರಿದು ಚಾವಣಿಯೊಳಗೆ ಮಾಯ. ಕೆಳಗಿನ ಬಾಗಿಲು ಜಾರಿ ನೆಲದ ಅಡಿಗೆ ಮಾಯ. ಚಿಪ್ಪು ತೆರೆದಂತೆ ಇರುವುದರಿಂದ ಇದಕ್ಕೆ 'ಕ್ಲ್ಯಾಮ್‌ಶೆಲ್' ಅಂತ ಹೆಸರು ಬಿತ್ತು. ನೋಡಲು ಅದ್ಭುತ. ಕೆಟ್ಟರೆ ಏನಾಗುತ್ತೆ ಅನ್ನೋದನ್ನು ಆಗಲೇ ಹೇಳಿದ್ದೇನೆ.

ಮೊದಲ ವ್ಯಾಗನ್‌ಗೆ ನನ್ನ ಸಲಹೆ 1977ರ ನಂತರದ ಚೌಕಾಕಾರದವು. ಕ್ಯಾಪ್ರಿಸ್, ಬ್ಯೂಕ್ ಎಸ್ಟೇಟ್, ಇಲ್ಲವೇ 1979ರಿಂದ 91ರ ಕಂಟ್ರಿ ಸ್ಕ್ವೈರ್. ಸರಳ ಯಂತ್ರ, ಸ್ವಲ್ಪ ಸಣ್ಣ ಮೈ, ಬೆಲೆಯೂ ಹಗುರ. ದಿನಾ ಓಡಿಸಬೇಕು ಅನ್ನುವವರಿಗೆ 1994ರಿಂದ 96ರ ರೋಡ್‌ಮಾಸ್ಟರ್ ಎಸ್ಟೇಟ್ ಸರಿ. 5.7 ಲೀಟರ್‌ನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, 260 ಹಾರ್ಸ್‌ಪವರ್. ಅದರಲ್ಲಿ ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ವಾಟರ್ ಪಂಪಿನ ಕೆಳಗಿದೆ. ಪಂಪ್ ಸೋರಿದರೆ ಅದೂ ಹೋಗುತ್ತದೆ. ಪಂಪಿನ ಅಡಿ ಟಾರ್ಚ್ ಬಿಟ್ಟು ಒದ್ದೆ ಇದೆಯಾ ನೋಡಿ.

ಹೆಜ್ಜೆ 2: ಗ್ಯಾರೇಜ್ ಅಳೆಯಿರಿ

70ರ ದಶಕದ ದೊಡ್ಡ ವ್ಯಾಗನ್ ಹೆಚ್ಚುಕಡಿಮೆ 19 ಅಡಿ ಉದ್ದ. ತೂಕ 2,200 ಕಿಲೋ ದಾಟುತ್ತದೆ. ಇಲ್ಲಿನ ಎಷ್ಟೋ ಮನೆಗಳ ಗ್ಯಾರೇಜ್ 20 ಅಡಿ ಆಳ. ಬಾಗಿಲು ಮುಚ್ಚಿದಮೇಲೆ ನೀವು ಹಿಂದೆ ನಿಂತು ಕೆಲಸ ಮಾಡಲು ಜಾಗ ಬೇಕು ಅಲ್ವಾ? ಟೇಪ್ ಹಿಡಿದು ಅಳೆಯಿರಿ. ಹೊರಗೆ ನಿಲ್ಲಿಸುತ್ತೀನಿ ಅನ್ನುವುದಾದರೆ ಕೊಳ್ಳಬೇಡಿ. ಬಿಸಿಲಿಗೆ ಮರದಂಥ ಸ್ಟಿಕ್ಕರ್ ಬಿಳಚಿಕೊಳ್ಳುತ್ತದೆ.

ಹೆಜ್ಜೆ 3: ಒಣ ಊರಿನ ಗಾಡಿ ಹುಡುಕಿ

ಮಿಶಿಗನ್, ಒಹಾಯೋ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಉಕ್ಕನ್ನು ತಿನ್ನುತ್ತದೆ. ಆರಿಜೋನಾ, ನ್ಯೂ ಮೆಕ್ಸಿಕೊ, ಸಮುದ್ರದಿಂದ ದೂರದ ಕ್ಯಾಲಿಫೋರ್ನಿಯಾದ ಗಾಡಿಗಳಲ್ಲಿ ಸೀಟು, ಡ್ಯಾಶ್‌ಬೋರ್ಡ್ ಬಿಸಿಲಿಗೆ ಸೀಳಿರುತ್ತವೆ, ಲೋಹ ಗಟ್ಟಿ ಇರುತ್ತದೆ. ಸೀಳಿದ ಸೀಟು ಹೊಲಿಸಬಹುದು. ತುಕ್ಕು ತಿಂದ ಲೋಹ ಹೊಲಿಸಲು ಆಗುವುದಿಲ್ಲ. ಗಾಡಿ ತರಿಸುವ ಲಾರಿ ಖರ್ಚು ಸೇರಿಸಿದರೂ ಒಣ ಊರಿನದೇ ಲಾಭ.

ಹಳೆಗಾಡಿಗಳ ಪತ್ರಿಕೆ ಹೆಮ್ಮಿಂಗ್ಸ್‌ನ ಜಾಹೀರಾತುಗಳು, ಆನ್‌ಲೈನ್ ಹರಾಜು, ಅಮೆರಿಕನ್ ಸ್ಟೇಶನ್ ವ್ಯಾಗನ್ ಓನರ್ಸ್ ಅಸೋಸಿಯೇಷನ್, ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಹರ್ಷೀಯಲ್ಲಿ ನಡೆಯುವ ಹಳೆಗಾಡಿ ಜಾತ್ರೆ, ಎಲ್ಲ ನೋಡಿ. ಆದರೆ ಒಳ್ಳೆಯ ವ್ಯಾಗನ್ ಸಿಗುವುದು ವಯಸ್ಸಾದವರ ಮನೆಯಲ್ಲಿ. ಮೊದಲಿನಿಂದ ಒಬ್ಬರೇ ಇಟ್ಟುಕೊಂಡಿದ್ದು, ಇನ್ನು ಓಡಿಸಲು ಆಗದೆ ಮಾರುತ್ತಿರುವುದು. ಅಂಥವರ ಹತ್ತಿರ ಜಾಸ್ತಿ ಚೌಕಾಸಿ ಮಾಡಬೇಡಿ. ಕೂತು ಮಾತಾಡಿ. ಗಾಡಿಯ ಇಡೀ ಚರಿತ್ರೆ ಅಲ್ಲಿ ಸಿಗುತ್ತದೆ.

ಹೆಜ್ಜೆ 4: ಹಿಂದಿನಿಂದ ಮುಂದಕ್ಕೆ ಪರೀಕ್ಷೆ

ಜೊತೆಗೆ ಒಂದು ಟಾರ್ಚ್, ಮೆತ್ತನೆ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಕೂರಲು ಹಳೆಯ ಚಾಪೆ ಮತ್ತು ಒಂದು ಹಾಳೆ ಕಾಗದ ಒಯ್ಯಿರಿ.

ಹಿಂಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ. ಹತ್ತು ಅಂದರೆ ಹತ್ತೇ. ಮೋಟರ್ ಬಿಸಿಯಾದಾಗಲೇ ಅದರ ನಿಜ ಬಣ್ಣ ಗೊತ್ತಾಗುವುದು. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದಲೂ ನೋಡಿ, ಹಿಂದೆ ಕೀಲಿ ಹಾಕುವ ಸ್ವಿಚ್ಚಿನಿಂದಲೂ ನೋಡಿ. ಗಾಜು ಒಂದು ಪಕ್ಕ ವಾಲಿಕೊಂಡು ಏರಿದರೆ ಹಳಿ ಬಗ್ಗಿದೆ ಅಂತ ಅರ್ಥ.

ಈಗ ಕಾಗದ. ಹಿಂಬಾಗಿಲಿನ ಅಂಚಿಗೆ ಹಾಳೆಯ ಒಂದು ಪಟ್ಟಿ ಇಟ್ಟು ಬಾಗಿಲು ಮುಚ್ಚಿ. ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ರಬ್ಬರ್ ಬೀಡಿಂಗ್ ಚೆನ್ನಾಗಿದೆ. ಸುಮ್ನೆ ಜಾರಿ ಬಂದರೆ ಅಲ್ಲಿ ಸಂದಿ ಇದೆ. ಸುತ್ತಲೂ ಒಂದೊಂದು ಗೇಣಿಗೆ ಹೀಗೆ ಮಾಡಿ. ಇದು ಮಳೆ ನೀರಿನ ವಿಷಯ ಮಾತ್ರ ಅಲ್ಲ. ವ್ಯಾಗನ್ ಓಡುವಾಗ ಅದರ ಬೆನ್ನ ಹಿಂದೆ ಗಾಳಿ ಸುಳಿಯುತ್ತದೆ. ಸೈಲೆನ್ಸರಿನ ಹೊಗೆಯನ್ನು ಆ ಸುಳಿ ಒಳಕ್ಕೆ ಎಳೆಯುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಅಲ್ಲಿ ಹಿಂದೆ ಕೂರುವುದು ಮಕ್ಕಳು. ಹಿಂದಿನ ಗಾಜು ತೆರೆದು ಓಡಿಸುವುದೂ ಇದೇ ಕಾರಣಕ್ಕೆ ಅಪಾಯ.

ಆಮೇಲೆ ತುಕ್ಕು. ವ್ಯಾಗನ್‌ಗೆ ತುಕ್ಕು ಹಿಡಿಯುವ ಜಾಗಗಳೇ ಬೇರೆ. ಸ್ಟೆಪ್ನಿ ಇಡುವ ಗುಳಿಯಲ್ಲಿ ನೀರು ನಿಲ್ಲುತ್ತದೆ, ಟೈರ್ ಎತ್ತಿ ಬೆರಳು ಆಡಿಸಿ. ಹಿಂಬಾಗಿಲಿನ ತಳದ ಅಂಚು ನೋಡಿ. ಕ್ಯಾರಿಯರಿನ ಕಾಲುಗಳು ಚಾವಣಿಗೆ ಕೂತಿರುವ ಸ್ಕ್ರೂಗಳ ಸುತ್ತ ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಹಸಿ ಮಣ್ಣಿನ ವಾಸನೆ ಬಂದರೆ ಎಲ್ಲೋ ಸೋರುತ್ತಿದೆ. ಮರದ ಸ್ಟಿಕ್ಕರಿನ ಕೆಳಗೆ ನೀರು ಸಿಕ್ಕಿಕೊಂಡರೆ ಒಳಗೊಳಗೇ ತಿನ್ನುತ್ತದೆ, ಹೊರಗೆ ಸಣ್ಣ ಗುಳ್ಳೆಯಂತೆ ಕಾಣುತ್ತದೆ. ಅಲ್ಲಿ ಅಯಸ್ಕಾಂತ ಹಿಡಿಯಿರಿ. ಅಂಟಲಿಲ್ಲ ಅಂದರೆ ಉಕ್ಕು ಇಲ್ಲ, ಪುಟ್ಟಿ ಮೆತ್ತಿದ್ದಾರೆ. ಕೊನೆಗೆ ಚಾಪೆ ಹಾಸಿ ಮಲಗಿ, ಹಿಂದಿನ ಆಕ್ಸಲ್ ಮೇಲೆ ಚಾಸಿ, ಅಂದರೆ ಗಾಡಿಯ ತಳದ ಉಕ್ಕಿನ ಚೌಕಟ್ಟು, ಬಾಗುವ ಜಾಗಕ್ಕೆ ಟಾರ್ಚ್ ಬಿಡಿ. ಚಾಸಿಯೇ ಪದರ ಪದರವಾಗಿ ಏಳುತ್ತಿದ್ದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಮೂರನೇ ಸೀಟನ್ನು ಎತ್ತಿ ಬಿಚ್ಚಿ ನೋಡಿ. ಹೆಚ್ಚಿನವುಗಳಲ್ಲಿ ಅದು ಹಿಂದಕ್ಕೆ ಮುಖ ಮಾಡಿದೆ. ದೊಡ್ಡ ಫೋರ್ಡ್‌ಗಳಲ್ಲಿ ಎರಡು ಪುಟ್ಟ ಸೀಟುಗಳು ಎದುರುಬದುರು. ಹಿಡಿಕೆ, ಬೆಲ್ಟು, ದಿಂಬು ಎಲ್ಲ ಇವೆಯಾ ಎಣಿಸಿ. ಒಂದು ಕೊಂಡಿ ಕಾಣೆಯಾದರೂ ಹುಡುಕುವುದು ಕಷ್ಟ. ಸೀಟು ಮಡಚಿದಾಗ ನೆಲ ಸಪಾಟಾಗಬೇಕು. ದೊಡ್ಡ ವ್ಯಾಗನ್‌ಗಳಲ್ಲಿ 4 ಅಡಿ ಅಗಲ, 8 ಅಡಿ ಉದ್ದದ ಪ್ಲೈವುಡ್ ಹಾಳೆ ಮಲಗಿಸಿ ಒಯ್ಯಬಹುದು. ಆ ಕಾಲದಲ್ಲಿ ಮಾರುವವರು ಹೆಮ್ಮೆಯಿಂದ ಹೇಳುತ್ತಿದ್ದ ಮಾತು ಅದು.

ಇಷ್ಟೂ ಸರಿಯಿದ್ದರೆ ಬಾನೆಟ್ ಎತ್ತಿ.

ಹೆಜ್ಜೆ 5: ಕಾಗದಪತ್ರ

ಟೈಟಲ್, ಅಂದರೆ ಗಾಡಿಯ ಒಡೆತನದ ಪತ್ರದಲ್ಲಿರುವ ನಂಬರೂ ಗಾಡಿಯ ಮೇಲಿನ ನಂಬರೂ ಅಕ್ಷರ ಬಿಡದೆ ಹೊಂದಬೇಕು. 1981ರಿಂದ ಎಲ್ಲ ಗಾಡಿಗಳಿಗೆ 17 ಅಕ್ಷರದ ನಂಬರ್. ಅದಕ್ಕೆ ಮುಂಚೆ ಒಂದೊಂದು ಕಂಪನಿಯದು ಒಂದೊಂದು ರೀತಿ. ಹಳೆಯ ಜನರಲ್ ಮೋಟರ್ಸ್ ಗಾಡಿಗಳಲ್ಲಿ ಎಂಜಿನ್ ಹಿಂದಿನ ಗೋಡೆಗೆ ಒಂದು ತಗಡಿನ ಫಲಕ ಇರುತ್ತದೆ. ಬಣ್ಣ, ಸೀಟಿನ ಬಟ್ಟೆ, ಬಾಡಿಯ ಬಗೆ ಎಲ್ಲ ಸಂಕೇತದಲ್ಲಿ ಬರೆದಿರುತ್ತದೆ. ಫೋಟೊ ತೆಗೆದುಕೊಂಡು ಮನೆಯಲ್ಲಿ ಬಿಡಿಸಿ. ಈಗಿನ ಬಣ್ಣವೂ ಫಲಕದ ಬಣ್ಣವೂ ಬೇರೆ ಆದರೆ ಗಾಬರಿ ಬೇಡ, ಬೆಲೆ ಇಳಿಸಲು ಒಂದು ಕಾರಣ ಸಿಕ್ಕಿತು ಅಷ್ಟೇ.

ಹೆಜ್ಜೆ 6: ಓಡಿಸಿಕೊಂಡು ಬರಬೇಡಿ

ಲಾರಿ ಮೇಲೆ ಹಾಕಿಸಿ ತನ್ನಿ. ವರ್ಷಗಟ್ಟಲೆ ನಿಂತ ಗಾಡಿಯ ಟೈರ್ ನೋಡಲು ಹೊಸದರಂತೆ ಇರಬಹುದು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2308 ಅಂತಿದ್ದರೆ 2008ರ 23ನೇ ವಾರದ್ದು. ಮೊದಲ ತಿಂಗಳಲ್ಲೇ ಟೈರು, ಬ್ರೇಕಿನ ರಬ್ಬರ್ ಹೋಸು, ಪೆಟ್ರೋಲ್ ಹೋಸು, ಎಲ್ಲ ಎಣ್ಣೆ ಬದಲಿಸಿ. ಹಳೆಯ ವಿ8 ಎಂಜಿನ್‌ಗಳಿಗೆ ಜಿಂಕ್ ಜಾಸ್ತಿ ಇರುವ ಎಣ್ಣೆ ಹಾಕಿ, ಇಲ್ಲದಿದ್ದರೆ ಕ್ಯಾಮ್‌ಶಾಫ್ಟ್ ಸವೆಯುತ್ತದೆ. 1967ಕ್ಕಿಂತ ಹಿಂದಿನ ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೆ ಒಂದೇ ಕೊಳವೆ ಜಾಲ. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಎರಡು ಭಾಗದ್ದು ಹಾಕಿಸಿ. ಮೂಲ ರೂಪ ಕೆಡುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಹೆಜ್ಜೆ 7: 'ಮರ'ದ ಕೆಲಸ

50ರ ದಶಕದ ನಡುವಿನಿಂದೀಚೆ ನೀವು ನೋಡುವ ಮರ ಮರವಲ್ಲ. ಡೈನಾಕ್ ಅನ್ನುವ ವಿನೈಲ್ ಹಾಳೆ. ವ್ಯಾಗನ್‌ಗೆ ಮುಖದ ಕಳೆ ಕೊಡುವುದು ಅದೇ. ಇದನ್ನು ಮನೆಯಲ್ಲೇ ಮಾಡಬಹುದು, ತಾಳ್ಮೆ ಬೇಕು.

ಕೀಳುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಅಂಚಿನ ಪಟ್ಟಿಗಳನ್ನು ಬಿಚ್ಚಿ, ಒಂದೊಂದರ ಹಿಂದೆ ಎಲ್ಲಿಯದು ಅಂತ ಟೇಪ್ ಅಂಟಿಸಿ ಬರೆಯಿರಿ. ಹೀಟ್ ಗನ್‌ನಿಂದ ಒಂದು ಮೂಲೆ ಬೆಚ್ಚಗೆ ಮಾಡಿ, ಮೈಗೆ ಒರಗಿಸಿದ ಹಾಗೆ ನಿಧಾನವಾಗಿ ಎಳೆಯಿರಿ. ದೋಸೆ ಎಬ್ಬಿಸುವಾಗ ಅಂಚಿನಿಂದ ಬರುತ್ತೀವಲ್ಲ, ಹಾಗೆ. ಕಬ್ಬಿಣದ ಕೆರೆಯುವ ಅಲಗು ಬೇಡ. ಉಳಿದ ಅಂಟನ್ನು ಡ್ರಿಲ್‌ಗೆ ಹಾಕುವ ರಬ್ಬರ್ ಚಕ್ರದಿಂದ ಉಜ್ಜಿ ತೆಗೆಯಿರಿ. ಈಗ ಕೆಳಗಿನ ಲೋಹ ಕಾಣುತ್ತದೆ. ಟಿಂಕರಿಂಗ್, ಪ್ರೈಮರ್, ಬಣ್ಣ ಎಲ್ಲ ಮುಗಿಸಿ, ಬಣ್ಣ ಪೂರ್ತಿ ಗಟ್ಟಿಯಾಗಲು ಬಿಡಿ. ಹಸಿ ಬಣ್ಣದ ಮೇಲೆ ಅಂಟಿಸಿದರೆ ಗುಳ್ಳೆ ಏಳುತ್ತದೆ.

ಹೊಸ ಹಾಳೆ ಅಂಟಿಸಲು ಬಿಸಿಲಿಲ್ಲದ, ಗಾಳಿ ಬೀಸದ ದಿನ ನೋಡಿ. 20ರಿಂದ 25 ಡಿಗ್ರಿ ಇದ್ದರೆ ಚೆನ್ನ. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಮೈಗೂ ಹಾಳೆಯ ಅಂಟಿಗೂ ಧಾರಾಳವಾಗಿ ಸಿಂಪಡಿಸಿ. ಹಾಳೆ ಜಾರುತ್ತದೆ, ಸರಿಯಾದ ಜಾಗಕ್ಕೆ ತರಲು ಸಮಯ ಸಿಗುತ್ತದೆ. ಮುಂದಿನ ಬಾಗಿಲಿನ ಗೆರೆ ಹಿಂದಿನ ಬಾಗಿಲಿಗೆ ಒಂದೇ ನೇರದಲ್ಲಿ ಹರಿಯಬೇಕು. ಕಣ್ಣು ಅಲ್ಲೇ ಹೋಗುತ್ತದೆ. ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳಿ. ಬಾಗಿಲ ಅಂಚಿನಲ್ಲಿ ಸ್ವಲ್ಪ ಬಿಸಿ ಮಾಡಿ ಒಳಕ್ಕೆ ಮಡಚಿ. ಇಬ್ಬರು ಇರಲೇಬೇಕು. ನಾನೂ ನನ್ನ ಹೆಂಡತಿಯೂ ಸೇರಿ ಒಂದು ಬಾಗಿಲು ಮುಗಿಸಲು ಇಡೀ ಶನಿವಾರ ಹಿಡಿಯಿತು.

ಹೆಜ್ಜೆ 8: ವಿಮೆ ಮತ್ತು ನಂಬರ್ ಪ್ಲೇಟು

ಸಾಮಾನ್ಯ ವಿಮೆಯವರು ಇದನ್ನು 'ಹಳೆ ಕಾರು' ಅಂತ ಲೆಕ್ಕ ಹಾಕಿ ಪುಡಿಗಾಸು ಕೊಡುತ್ತಾರೆ. ಮೊದಲೇ ಬೆಲೆ ಒಪ್ಪಿಕೊಳ್ಳುವ ಕ್ಲಾಸಿಕ್ ಕಾರ್ ವಿಮೆ ಮಾಡಿಸಿ. ಪ್ಲೇಟಿನ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಶಿಗನ್‌ನಲ್ಲಿ 26 ವರ್ಷವಾದ ಗಾಡಿಗೆ ಹಿಸ್ಟಾರಿಕ್ ಪ್ಲೇಟು ಸಿಗುತ್ತದೆ. ಶೋ, ಕ್ಲಬ್ ಕಾರ್ಯಕ್ರಮ, ಪರೇಡ್‌ಗಳಿಗೆ ಒಯ್ಯಬಹುದು. ಆಗಸ್ಟ್ ತಿಂಗಳಲ್ಲಿ ಮಾತ್ರ ಎಲ್ಲಿಗೆ ಬೇಕಾದರೂ ಓಡಿಸಬಹುದು. ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ರಸ್ತೆಯಲ್ಲಿ 1995ರಿಂದ ನಡೆಯುತ್ತಿರುವ ಡ್ರೀಮ್ ಕ್ರೂಸ್ ಕೂಡ ಆಗಸ್ಟಿನ ಮೂರನೇ ಶನಿವಾರ. ಒಮ್ಮೆ ಹೋಗಿ ನಿಲ್ಲಿಸಿ. ಮಸ್ಟಾಂಗ್ ನೋಡಿ ಜನ ಫೋಟೊ ತೆಗೆಯುತ್ತಾರೆ. ವ್ಯಾಗನ್ ನೋಡಿದರೆ ನಿಂತು ಕಥೆ ಹೇಳುತ್ತಾರೆ.

ಭಾರತದಲ್ಲಿ ಇರುವವರಿಗೆ

ಇಂಥ ಗಾಡಿಯನ್ನು ಬೆಂಗಳೂರಿಗೆ ತರಿಸುವುದು ನಿಯಮದಲ್ಲೂ ಖರ್ಚಿನಲ್ಲೂ ತೊಡಕು. ಆದರೆ ಸಂಗ್ರಹಕ್ಕೆ ಬೇರೆ ದಾರಿಗಳಿವೆ. ಆ ಕಾಲದ ಷೋರೂಂಗಳಲ್ಲಿ ಹಂಚುತ್ತಿದ್ದ ಬಣ್ಣದ ಕೈಪಿಡಿಗಳು ಅಂಚೆಯಲ್ಲಿ ಬರುತ್ತವೆ. ಮ್ಯಾಚ್‌ಬಾಕ್ಸ್ ಆಟಿಕೆಗಳಲ್ಲಿ 42ನೇ ನಂಬರಿನ ಸ್ಟುಡಿಬೇಕರ್ ಲಾರ್ಕ್ ವ್ಯಾಗನೇರ್ ಹುಡುಕಿ. ನಿಜವಾದ ಗಾಡಿಯ ಹಾಗೆಯೇ ಅದರ ಹಿಂದಿನ ಚಾವಣಿಯೂ ಬೆರಳಿನಿಂದ ಜಾರುತ್ತದೆ. 73ನೇ ನಂಬರಿನ ಮರ್ಕ್ಯುರಿ ಕಮ್ಯೂಟರ್ ಕೂಡ ಚೆಂದ.

ಹೆಜ್ಜೆ 9: ಓಡಿಸಿ

ಮುಚ್ಚಿಡಬೇಡಿ. ತಿಂಗಳಿಗೆ ಎರಡು ಸಲವಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಹೋಗಿ. ಹಿಂಬಾಗಿಲಿನ ಹಳಿಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಮೂರನೇ ಸೀಟಿನಲ್ಲಿ ಹೆಚ್ಚಾಗಿ ಸೊಂಟದ ಬೆಲ್ಟು ಮಾತ್ರ ಇರುತ್ತದೆ. ಹಿಂದಿನಿಂದ ಗುದ್ದಿದರೆ ಅಲ್ಲೇ ಮೊದಲ ಪೆಟ್ಟು. ಹಾಗಾಗಿ ಹೈವೇಯಲ್ಲಿ ಮಕ್ಕಳನ್ನು ಅಲ್ಲಿ ಕೂರಿಸಬೇಡಿ. ನಮ್ಮ ಮನೆಯ ನಿಯಮ ಇದು: ಬಡಾವಣೆಯ ಒಳರಸ್ತೆ, ಮೆಲ್ಲಗೆ, ಗಾಜು ಮುಚ್ಚಿ.

ಕಳೆದ ಬೇಸಿಗೆಯಲ್ಲಿ ಇಲ್ಲಿನ ಕನ್ನಡಿಗರೆಲ್ಲ ಪಾರ್ಕಿನಲ್ಲಿ ಸೇರಿದ್ದೆವು. ಬಿಸಿಬೇಳೆಬಾತಿನ ದೊಡ್ಡ ಪಾತ್ರೆ, ಮೊಸರನ್ನದ ಡಬರಿ, ಮಡಚುವ ಕುರ್ಚಿಗಳು, ಎಲ್ಲ ಒಂದೇ ಸಲಕ್ಕೆ ವ್ಯಾಗನ್‌ನಲ್ಲಿ ಬಂದವು. ಇಳಿಸಿ ಆದಮೇಲೆ ಹಿಂದಿನ ಸೀಟು ಎತ್ತಿ ನಿಲ್ಲಿಸಿದೆ. ಪಾರ್ಕಿಂಗ್ ಜಾಗದಲ್ಲಿ ಒಂದು ಸುತ್ತು ಹೋಗಲು ಮಕ್ಕಳು ಸಾಲು ನಿಂತರು. ಇಬ್ಬಿಬ್ಬರಂತೆ ಕೂರಿಸಿ, ಬೆಲ್ಟು ಬಿಗಿದು, ಕೀಲಿ ತಿರುಗಿಸಿ ಗಾಜು ಇಳಿಸಿದೆ. ಒಂದು ಕಡೆಯೂ ವಾಲದೆ ಅದು ಚಾವಣಿಯಿಂದ ನೇರವಾಗಿ ಜಾರಿ ಬಂದು ಕೂತಿತು.